ಕಾಣದ ಪ್ರಾಣಿಯ ಲೆಕ್ಕ: ಓದುಗರ ಪ್ರಶ್ನೆಗಳಿಗೆ ಉತ್ತರ

ಭದ್ರಾ ಅಭಯಾರಣ್ಯದ ಮುತ್ತೋಡಿ ಕಡೆಯ ಕಾಡಿನಲ್ಲಿ ಚಳಿಗಾಲದ ವನ್ಯಜೀವಿ ಸಮೀಕ್ಷೆಗೆ ಹೋಗಿ ಬಂದ ಬಗ್ಗೆ ಕಳೆದ ಸಂಚಿಕೆಯಲ್ಲಿ ನಾನು ಬರೆದ ಚಿಕ್ಕ ಟಿಪ್ಪಣಿಗೆ ಚಿಕ್ಕಮಗಳೂರು ಮತ್ತು ಹಾಸನ ಜಿಲ್ಲೆಗಳ ಓದುಗರಿಂದ ಹಲವು ಪತ್ರಗಳು ಬಂದಿವೆ. ಅವುಗಳಲ್ಲಿ ಆರನ್ನು ಆರಿಸಿಕೊಂಡು ಇಲ್ಲಿ ಉತ್ತರಿಸಿದ್ದೇನೆ. ಮೊದಲ ಪತ್ರದ ಪ್ರಶ್ನೆಯೇ ಉಳಿದವಕ್ಕೂ ಬುಡವಾಗಿರುವುದರಿಂದ ಅದಕ್ಕೆ ಹೆಚ್ಚು ಜಾಗ ಹಿಡಿದಿದೆ.

ಪ್ರಶ್ನೆ: 2022ರ ಗಣತಿಯಂತೆ ದೇಶದಲ್ಲಿ 3,682 ಹುಲಿಗಳಿವೆ, ಕರ್ನಾಟಕದಲ್ಲಿ 563 ಇವೆ ಎಂದು ಓದಿದ್ದೇನೆ. ನಾನು ಭದ್ರಾ ಕಾಡಿನ ಅಂಚಿನ ಊರಿನಲ್ಲೇ ಹುಟ್ಟಿ ಬೆಳೆದವನು. ಎಪ್ಪತ್ತು ವರ್ಷಗಳಲ್ಲಿ ಎರಡೇ ಸಲ ಹುಲಿಯನ್ನು ನೋಡಿದ್ದೇನೆ. ಕಣ್ಣಿಗೇ ಬೀಳದ ಪ್ರಾಣಿಯನ್ನು ಒಂದೊಂದಾಗಿ ಎಣಿಸುವುದು ಹೇಗೆ? ಈ ಅಂಕಿಗಳನ್ನು ನಂಬಬಹುದೇ?
– ನಿವೃತ್ತ ಶಿಕ್ಷಕರು, ತರೀಕೆರೆ

ಉತ್ತರ: ನಿಮ್ಮ ಸಂಶಯ ನ್ಯಾಯವಾದದ್ದೇ. ಹುಲಿಗಳನ್ನು ಒಂದೊಂದಾಗಿ ಎಣಿಸಿ ಮುಗಿಸಲು ಯಾರಿಂದಲೂ ಆಗುವುದಿಲ್ಲ. ನೀವು ಹೇಳಿದ 3,682 ಎಂಬುದು ಅಂದಾಜಿನ ಸರಾಸರಿ. ಆ ಸಮೀಕ್ಷೆಯಲ್ಲಿ ಕ್ಯಾಮೆರಾಗಳಿಗೆ ನಿಜವಾಗಿ ಸಿಕ್ಕ ಬೇರೆ ಬೇರೆ ಹುಲಿಗಳು 3,080. ಈ ಎರಡು ಅಂಕಿಗಳ ನಡುವಿನ ಅಂತರವೇ ‘ಇದ್ದವು, ಆದರೆ ನಮಗೆ ಸಿಗಲಿಲ್ಲ’ ಎಂದು ವಿಜ್ಞಾನ ಲೆಕ್ಕ ಹಾಕಿ ಒಪ್ಪಿಕೊಂಡ ಭಾಗ.

ಕಾಣದ್ದನ್ನು ಲೆಕ್ಕ ಹಾಕುವ ಬಗೆಯನ್ನು ಅವರೆಕಾಳಿನಿಂದ ಅರಿಯಬಹುದು. ಒಂದು ಡಬ್ಬಿಯ ತುಂಬ ಅವರೆಕಾಳಿದೆ, ಅದನ್ನು ಪೂರ್ತಿ ಸುರಿದು ಎಣಿಸುವಂತಿಲ್ಲ ಎಂದಿಟ್ಟುಕೊಳ್ಳಿ. ಕೈಹಾಕಿ 50 ಕಾಳು ತೆಗೆದು, ಕುಂಕುಮ ಹಚ್ಚಿ, ಮತ್ತೆ ಡಬ್ಬಿಗೆ ಹಾಕಿ ಚೆನ್ನಾಗಿ ಕಲಸಿ. ಎರಡನೆಯ ಸಲ 60 ಕಾಳು ತೆಗೆದಾಗ ಅದರಲ್ಲಿ 10ಕ್ಕೆ ಕುಂಕುಮವಿದ್ದರೆ, ಡಬ್ಬಿಯಲ್ಲಿರುವ ಕಾಳುಗಳಲ್ಲಿ ಆರನೆಯ ಒಂದು ಪಾಲಿಗೆ ಗುರುತಿದೆ ಎಂದಾಯಿತು. ಗುರುತು ಹಾಕಿದ್ದು 50 ಆದ್ದರಿಂದ ಒಟ್ಟು ಸುಮಾರು 300 ಕಾಳುಗಳಿರಬೇಕು. ಹುಲಿಗೆ ಕುಂಕುಮ ಹಚ್ಚುವ ಅಗತ್ಯವಿಲ್ಲ, ಏಕೆಂದರೆ ಅದರ ಮೈಮೇಲಿನ ಪಟ್ಟೆಗಳೇ ಗುರುತು. ನಮ್ಮ ಹೆಬ್ಬೆಟ್ಟಿನ ಗೆರೆಗಳಂತೆ ಒಂದು ಹುಲಿಯ ಪಟ್ಟೆ ಇನ್ನೊಂದಕ್ಕಿರುವುದಿಲ್ಲ. ಮೊದಲ ವಾರ ಸಿಕ್ಕ ಹುಲಿ ಮುಂದಿನ ವಾರಗಳಲ್ಲಿ ಎಷ್ಟು ಸಲ ಮತ್ತೆ ಸಿಕ್ಕಿತು, ಎಷ್ಟು ಹೊಸ ಹುಲಿಗಳು ಬಂದವು ಎಂಬುದರಿಂದ ಸಿಗದೆ ಉಳಿದವುಗಳ ಅಂದಾಜು ಸಿಗುತ್ತದೆ. ಕ್ಯಾಮೆರಾ ಚಿತ್ರಗಳಿಂದ ಹೀಗೆ ಹುಲಿಯ ಸಂಖ್ಯೆ ತಿಳಿಯುವ ವಿಧಾನವನ್ನು ವನ್ಯಜೀವಿ ವಿಜ್ಞಾನಿ ಡಾ. ಕೆ. ಉಲ್ಲಾಸ ಕಾರಂತರು 1990ರ ದಶಕದ ಆರಂಭದಲ್ಲಿ ನಮ್ಮದೇ ನಾಗರಹೊಳೆಯಲ್ಲಿ ಕಟ್ಟಿ ಬೆಳೆಸಿದರು ಎಂಬುದನ್ನು ಕನ್ನಡಿಗರು ಅಭಿಮಾನದಿಂದ ನೆನೆಯಬೇಕು.

ಅದಕ್ಕೂ ಹಿಂದೆ ದೇಶದಾದ್ಯಂತ ಹೆಜ್ಜೆಗುರುತಿನ ಗಣತಿ ನಡೆಯುತ್ತಿತ್ತು. ದಾರಿಯಲ್ಲಿ ಕಂಡ ಹುಲಿಯ ಹೆಜ್ಜೆಯ ಮೇಲೆ ಗಾಜಿನ ಹಲಗೆ ಇಟ್ಟು, ಅದರ ಅಂಚನ್ನು ಕಾಗದಕ್ಕೆ ಇಳಿಸಿಕೊಂಡು, ಒಂದೊಂದು ಆಕಾರವನ್ನು ಒಂದೊಂದು ಹುಲಿಯೆಂದು ಬರೆದುಕೊಳ್ಳುತ್ತಿದ್ದರು. ಆದರೆ ಅದೇ ಹುಲಿಯ ಹೆಜ್ಜೆ ಹುಡಿಮಣ್ಣಿನಲ್ಲಿ ಒಂದು ಬಗೆ, ಕೆಸರಿನಲ್ಲಿ ಇನ್ನೊಂದು ಬಗೆ ಮೂಡುತ್ತದೆ; ಅಲ್ಲದೆ ‘ನಮಗೆ ಎಷ್ಟು ತಪ್ಪಿಹೋಯಿತು’ ಎಂದು ಕೇಳುವ ದಾರಿ ಆ ವಿಧಾನದಲ್ಲಿ ಇರಲೇ ಇಲ್ಲ. ರಾಜಸ್ಥಾನದ ಸರಿಸ್ಕಾದಲ್ಲಿ ಕಡತಗಳಲ್ಲಿ ಹುಲಿಗಳು ಬದುಕಿದ್ದು, ಕಾಡಿನಲ್ಲಿ ಒಂದೂ ಉಳಿದಿಲ್ಲವೆಂಬುದು 2005ರ ಹೊತ್ತಿಗೆ ಬಯಲಾದಾಗ ದೇಶಕ್ಕೆ ಆಘಾತವಾಯಿತು. 2006ರಿಂದ ನಾಲ್ಕು ವರ್ಷಗಳಿಗೊಮ್ಮೆ ನಡೆಯುತ್ತಿರುವ ಈಗಿನ ಅಖಿಲ ಭಾರತ ಸಮೀಕ್ಷೆ ಆ ಪಾಠದಿಂದ ಹುಟ್ಟಿದ್ದು.

ಈಗ ಕಾಡನ್ನು ನಕ್ಷೆಯಲ್ಲಿ 2 ಚದರ ಕಿಲೋಮೀಟರಿನ ಚೌಕಗಳಾಗಿ ಭಾಗಿಸಿ, ಚೌಕಕ್ಕೊಂದರಂತೆ ಜೋಡಿ ಕ್ಯಾಮೆರಾ ಇಟ್ಟು, ಕನಿಷ್ಠ 25 ದಿನ ಬಿಡುತ್ತಾರೆ. ಹುಲಿಯ ಎಡಮೈಯ ಪಟ್ಟೆಗೂ ಬಲಮೈಯ ಪಟ್ಟೆಗೂ ಹೋಲಿಕೆಯಿಲ್ಲ. ಒಂದೇ ಕ್ಯಾಮೆರಾ ಇಟ್ಟರೆ ಹೋಗುವಾಗ ಒಂದು ಮೈ, ಬರುವಾಗ ಇನ್ನೊಂದು ಮೈ ಸಿಕ್ಕಿ ಒಂದೇ ಹುಲಿ ಎರಡಾಗುವ ಅಪಾಯವಿರುವುದರಿಂದಲೇ ಈ ಜೋಡಿ. ನಾನು ಕಂಡ ಒಂದು ಬೆಳಗಿನ ಮಾತು ಹೇಳುತ್ತೇನೆ. ಜೀಪುದಾರಿಯೊಂದು ಹಳ್ಳ ದಾಟಿ ಕವಲೊಡೆಯುವ ಜಾಗದಲ್ಲಿ, ಎರಡು ಮರಗಳಿಗೆ ಮೊಣಕಾಲಿನೆತ್ತರದಲ್ಲಿ ಎದುರುಬದುರಾಗಿ ಕ್ಯಾಮೆರಾ ಕಟ್ಟಿದ್ದಾಯಿತು. ನಮ್ಮ ಜೊತೆಗಿದ್ದ ಹಿರಿಯ ಅರಣ್ಯ ವೀಕ್ಷಕರು ಕತ್ತಿಯನ್ನು ಬದಿಗಿಟ್ಟು, ಪಂಚೆಯನ್ನು ಮೇಲೆ ಕಟ್ಟಿ, ಮಂಡಿ ಮತ್ತು ಅಂಗೈಗಳನ್ನು ಊರಿ ಆ ದಾರಿಯಲ್ಲಿ ನಿಧಾನವಾಗಿ ಈ ಕಡೆಯಿಂದ ಆ ಕಡೆಗೆ ನಡೆದರು. ಹುಲಿಯ ಭುಜ ಬರುವ ಎತ್ತರಕ್ಕೆ ತಮ್ಮ ಬೆನ್ನನ್ನು ಇಳಿಸಿ, ಎರಡೂ ಕ್ಯಾಮೆರಾಗಳ ದೀಪ ಮಿನುಗುವವರೆಗೆ ಮೂರು ಸಲ ನಡೆದರು. ಬಳಿಕ ಕ್ಯಾಮೆರಾದ ಮುಂದೆ ತೂಗುತ್ತಿದ್ದ ಒಂದು ಚದುರಂಗಿ ರೆಂಬೆಯನ್ನು ಬುಡಸಮೇತ ಸವರಿದರು. ಈ ಯಂತ್ರ ಬಿಸಿಯನ್ನೂ ಚಲನೆಯನ್ನೂ ಸೇರಿಸಿ ಗ್ರಹಿಸುವುದರಿಂದ, ಬಿಸಿಲಿಗೆ ಕಾದ ಎಲೆ ಗಾಳಿಗೆ ಅಲುಗಿದರೂ ಚಿತ್ರ ತೆಗೆದು ತೆಗೆದು, ಹುಲಿ ಬರುವ ಹೊತ್ತಿಗೆ ಬ್ಯಾಟರಿ ಬರಿದಾಗಿರುತ್ತದೆ. ಪತ್ರಿಕೆಯಲ್ಲಿ ಒಂದು ಸಾಲಾಗಿ ಬರುವ ಸಂಖ್ಯೆಯ ಹಿಂದೆ ಇಂತಹ ಸಾವಿರಾರು ಬೆಳಗುಗಳ ಮಂಡಿಯೂರಿದ ಶ್ರಮವಿದೆ. ಆದ್ದರಿಂದ ನಂಬಬಹುದು, ಆದರೆ ಅಂದಾಜನ್ನು ಅಂದಾಜೆಂದೇ ಓದಬೇಕು.

ಕಡವೆ, ಕಾಟಿಗಳಿಗೆ ಮೈಮೇಲೆ ಅಂತಹ ಗುರುತಿಲ್ಲ. ಅವುಗಳಿಗೆ ಬೇರೆ ವಿಧಾನವಿದೆ. ಪ್ರತಿ ಬೀಟಿನಲ್ಲೂ (ಒಬ್ಬ ಅರಣ್ಯ ರಕ್ಷಕರ ಹೊಣೆಗಿರುವ ಕಾಡಿನ ಭಾಗ) ಸುಮಾರು 2 ಕಿಲೋಮೀಟರಿನ ನೇರ ಸಾಲೊಂದನ್ನು ಗೊತ್ತುಮಾಡಿ, ಬೆಳಗಿನ ಜಾವದಲ್ಲಿ ಸದ್ದಿಲ್ಲದೆ ನಡೆದು, ಪ್ರಾಣಿ ಕಂಡಾಗ ಅದರ ದೂರವನ್ನು ದೂರಮಾಪಕದಿಂದಲೂ ದಿಕ್ಕನ್ನು ದಿಕ್ಸೂಚಿಯಿಂದಲೂ ಅಳೆದು ಬರೆಯುತ್ತಾರೆ. ಕಡವೆ 50 ಮೀಟರ್ ದೂರದಲ್ಲಿ, ಸಾಲಿಗೆ 30 ಡಿಗ್ರಿ ಓರೆಯಲ್ಲಿ ನಿಂತಿದ್ದರೆ ಸಾಲಿನಿಂದ ಅದರ ನೇರ ಅಂತರ 25 ಮೀಟರ್. ಸಾಲಿನ ಮೇಲೆಯೇ ನಿಂತ ಪ್ರಾಣಿ ತಪ್ಪುವುದಿಲ್ಲ. ದೂರ ಹೋದಂತೆ ಪೊದೆಗಳ ಮರೆಯಲ್ಲಿ ಹೆಚ್ಚು ಹೆಚ್ಚು ತಪ್ಪುತ್ತವೆ. ಕಂಡವುಗಳ ಸಂಖ್ಯೆ ದೂರದೊಂದಿಗೆ ಎಷ್ಟು ವೇಗವಾಗಿ ಇಳಿಯುತ್ತದೆ ಎಂಬುದರಿಂದ ತಪ್ಪಿದವುಗಳ ಪಾಲು ತಿಳಿಯುತ್ತದೆ. ಆದ್ದರಿಂದಲೇ ಈ ಕೆಲಸದಲ್ಲಿ ‘ಸುಮಾರು ಐವತ್ತು ಮೀಟರ್’ ಎಂದು ಕಣ್ಣಂದಾಜಿನಲ್ಲಿ ಬರೆಯುವುದು ದೊಡ್ಡ ತಪ್ಪು.

ಪ್ರಶ್ನೆ: ಸಮೀಕ್ಷೆಗಳನ್ನು ಚಳಿಗಾಲದಲ್ಲಿಯೇ ಏಕೆ ಮಾಡುತ್ತಾರೆ? ಮಳೆಗಾಲದಲ್ಲಿ ಕಾಡು ಹೆಚ್ಚು ಜೀವಂತವಾಗಿರುತ್ತದೆಯಲ್ಲವೇ?
– ಓದುಗರು, ಕಡೂರು

ಉತ್ತರ: ಎಲ್ಲ ಸಮೀಕ್ಷೆಗಳೂ ಚಳಿಗಾಲದವಲ್ಲ. ಹುಲಿ, ಚಿರತೆ, ಗೊರಸಿನ ಪ್ರಾಣಿಗಳ ಕೆಲಸವನ್ನು ಮಳೆ ನಿಂತು ಕಾಡುದಾರಿಗಳು ಒಣಗಿದ ಬಳಿಕ, ಬೇಸಿಗೆಯ ಕಾಡ್ಗಿಚ್ಚಿನ ಭಯ ಶುರುವಾಗುವ ಮುನ್ನ ಮುಗಿಸಿಕೊಳ್ಳುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಾಬಾಬುಡನ್‌ಗಿರಿ, ಕುದುರೆಮುಖದ ಸಾಲುಗಳಲ್ಲಿ ಕ್ಯಾಮೆರಾದ ಮಸೂರದ ಮೇಲೆ ತೇವ ಕೂರುತ್ತದೆ, ಹೆಜ್ಜೆಗುರುತು ಒಂದು ಗಂಟೆಯೂ ನಿಲ್ಲುವುದಿಲ್ಲ, ಹಳ್ಳ ತುಂಬಿದರೆ ತಂಡ ಹಿಂದಿರುಗುವ ದಾರಿಯೇ ಮುಚ್ಚಿಹೋಗುತ್ತದೆ. ಕಪ್ಪೆಗಳ ಸಮೀಕ್ಷೆಗೆ ಮಾತ್ರ ಅದೇ ಮಳೆ ಬೇಕು, ಏಕೆಂದರೆ ಹೆಚ್ಚಿನವು ಕೂಗುವುದೇ ಆಗ. ಚಿಟ್ಟೆಗಳಿಗೆ ಮಳೆ ಹಿಂದೆಗೆದ ಮೇಲಿನ ತಿಂಗಳುಗಳು, ಕೆರೆಯ ಹಕ್ಕಿಗಳಿಗೆ ವಲಸೆ ಬಂದವೂ ಸೇರಿರುವ ಜನವರಿ, ನೀರಿನ ಬಳಿ ಆನೆ ಎಣಿಸಲು ಗುಂಡಿಗಳು ಬತ್ತಿ ಕೆಲವೇ ಉಳಿಯುವ ಮೇ ತಿಂಗಳು ಸೂಕ್ತ. ನಿಮ್ಮ ತಾಲ್ಲೂಕಿನ ಬಾಸೂರು ಅಮೃತಮಹಲ್ ಕಾವಲಿನ ಕೃಷ್ಣಮೃಗಗಳಿಗೆ ಈ ತೊಡಕು ಕಡಿಮೆ. ಬಯಲು ಹುಲ್ಲುಗಾವಲಿನಲ್ಲಿ ಕಣ್ಣು ದೂರ ಹೋಗುತ್ತದೆ.

ಪ್ರಶ್ನೆ: ನಾನು ಜೀವಶಾಸ್ತ್ರದ ಪದವಿ ವಿದ್ಯಾರ್ಥಿನಿ. ಸ್ವಯಂಸೇವಕಿಯಾಗಿ ಸಮೀಕ್ಷೆಗೆ ಹೋಗುವ ಆಸೆಯಿದೆ. ಮೂರು ದಿನ ನಡೆದರೂ ಏನೂ ಕಾಣದೆ ಬಂದರೆ ನನ್ನಿಂದ ಏನು ಪ್ರಯೋಜನವಾದಂತಾಯಿತು ಎಂಬ ಅಳುಕೂ ಇದೆ.
– ವಿದ್ಯಾರ್ಥಿನಿ, ಹಾಸನ

ಉತ್ತರ: ನಿಮ್ಮ ಅಳುಕಿಗೆ ನನ್ನದೇ ಒಂದು ತಪ್ಪನ್ನು ಉತ್ತರವಾಗಿ ಕೊಡುತ್ತೇನೆ. ಬಹಳ ವರ್ಷಗಳ ಹಿಂದೆ, ಹುಲ್ಲುಗುಡ್ಡ ಮತ್ತು ಶೋಲಾ ಕಾಡು ಸೇರುವ ಅಂಚಿನ ಒಂದು ಸಾಲನ್ನು ಗೆಳೆಯನೊಬ್ಬನೊಂದಿಗೆ ಮೂರು ಬೆಳಗು ನಡೆಯುವ ಹೊಣೆ ನನ್ನ ಮೇಲಿತ್ತು. ಮೊದಲ ದಿನ ಮತ್ತು ಮೂರನೆಯ ದಿನ ಸೇರಿ ಆರು ಕಡೆ ಕಡವೆ ಕಂಡವು. ನಡುವಿನ ದಿನ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಎರಡು ಕಿಲೋಮೀಟರ್ ನಡೆದರೂ ಒಂದು ಕಾಡುಕುರಿಯ ಕೂಗನ್ನು ಬಿಟ್ಟರೆ ಏನೂ ಸಿಗಲಿಲ್ಲ. ಬರೆಯಲು ಏನೂ ಇಲ್ಲವೆಂದು ಆ ದಿನದ ಹಾಳೆಯನ್ನು ನಾವು ಒಪ್ಪಿಸಲೇ ಇಲ್ಲ. ಲೆಕ್ಕ ಹಾಕುವವರ ಕೈಗೆ ಎರಡು ದಿನಗಳ, ನಾಲ್ಕು ಕಿಲೋಮೀಟರಿನ ಹಾಳೆಗಳು ಮಾತ್ರ ತಲುಪಿದವು. ಕಿಲೋಮೀಟರಿಗೆ ಒಂದು ಎಂದಾಗಬೇಕಿದ್ದದ್ದು ಒಂದೂವರೆ ಎಂದಾಯಿತು. ಅಂದರೆ ನಮ್ಮ ಆಲಸ್ಯವು, ಇಲ್ಲದ ಕಡವೆಗಳನ್ನು ಕಾಗದದ ಮೇಲೆ ಹುಟ್ಟಿಸಿತ್ತು. ಶಿಬಿರದ ಹಾಜರಿ ಪುಸ್ತಕದೊಂದಿಗೆ ತಾಳೆ ನೋಡಿದ ಹಿರಿಯರೊಬ್ಬರು ‘ಆ ದಿನ ನೀವು ಕಾಡಿಗೆ ಹೋಗಲೇ ಇಲ್ಲವೇ?’ ಎಂದು ಕೇಳಿದಾಗ ನನಗೆ ತಲೆಯೆತ್ತಲಾಗಲಿಲ್ಲ. ಅಂದಿನಿಂದ ಇಂದಿನವರೆಗೆ, ಏನೂ ಕಾಣದ ದಿನದ ಹಾಳೆಯನ್ನು ನಾನು ಉಳಿದವಕ್ಕಿಂತ ಹೆಚ್ಚು ಜಾಗರೂಕತೆಯಿಂದ ತುಂಬುತ್ತೇನೆ: ಹೊರಟ ಸಮಯ, ಮುಗಿದ ಸಮಯ, ಹವಾಮಾನ, ನಡೆದ ದೂರ, ಕಂಡದ್ದು ಸೊನ್ನೆ. ಇದ್ದದ್ದನ್ನು ಇದ್ದಂತೆಯೂ ಇಲ್ಲದ್ದನ್ನು ಇಲ್ಲವೆಂದೂ ಬರೆಯಬಲ್ಲವರು ಸಮೀಕ್ಷೆಗೆ ಬೇಕು. ಹುಲಿ ನೋಡಿದವರೆಲ್ಲರೂ ಅದನ್ನು ಮಾಡಲಾರರು.

ಇನ್ನು ಪ್ರಯೋಜನದ ಮಾತು. ಹುಲಿ ಸಮೀಕ್ಷೆಯ ಮೊದಲ ಹಂತದಲ್ಲಿ ಒಂದು ಬೀಟಿಗೆ 15 ಕಿಲೋಮೀಟರಿನಷ್ಟು ದಾರಿಯನ್ನು ಮಾಂಸಾಹಾರಿಗಳ ಕುರುಹಿಗಾಗಿಯೇ ನಡೆಯಬೇಕು. ಹೆಜ್ಜೆ, ಮಲ, ಮರದ ಮೇಲಿನ ಉಗುರಿನ ಗೀರು, ನೆಲ ಕೆರೆದ ಗುರುತು ಇವೆಲ್ಲವೂ ಲೆಕ್ಕಕ್ಕೆ ಬರುತ್ತವೆ. ಇವನ್ನು ಓದುವ ವಿದ್ಯೆಯನ್ನು ನಿಮಗೆ ಕಾಲೇಜಿನ ಪುಸ್ತಕಕ್ಕಿಂತ ಚೆನ್ನಾಗಿ ಕಲಿಸಬಲ್ಲವರು ಕಾಡಿನ ವೀಕ್ಷಕರು. ಒಮ್ಮೆ ಅವರಲ್ಲೊಬ್ಬರು ದಾರಿಯ ನಡುವಿನ ಆನೆಯ ಲದ್ದಿಯನ್ನು ಕಡ್ಡಿಯಿಂದ ಬಿಡಿಸಿ, ಒಳಗೆ ಕೈಯಿಟ್ಟು ಬಿಸಿ ನೋಡಿ, ಮೇಲೆ ಇಬ್ಬನಿ ಕೂತಿಲ್ಲದ್ದನ್ನು ತೋರಿಸಿ, ‘ಬೆಳಗಾದ ಮೇಲೆ ಹೋಗಿದೆ, ಇಲ್ಲೇ ಕೆಳಗೆ ಬಿದಿರುಮೆಳೆಯಲ್ಲಿರಬೇಕು’ ಎಂದು ನಮ್ಮನ್ನು ನಿಲ್ಲಿಸಿದರು. ಹತ್ತು ನಿಮಿಷದಲ್ಲಿ ಅದೇ ಮೆಳೆಯಿಂದ ಬಿದಿರು ಮುರಿಯುವ ಸದ್ದು ಬಂತು. ಅವರ ಮಾತನ್ನು ಮೀರಿ ಒಂದು ಹೆಜ್ಜೆಯನ್ನೂ ಮುಂದಿಡಬೇಡಿ. ಮಾಸಲು ಬಣ್ಣದ ಬಟ್ಟೆ ಧರಿಸಿ, ಸುಗಂಧ ಬಳಸಬೇಡಿ, ಮೊಬೈಲ್ ಸದ್ದು ಮುಚ್ಚಿಡಿ. ಅಭಯಾರಣ್ಯದೊಳಗೆ ಅಧ್ಯಯನಕ್ಕೆ ಹೋಗಲು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅನುಮತಿ ಬೇಕೇ ಬೇಕು. ಅರಣ್ಯ ಇಲಾಖೆ ಸ್ವಯಂಸೇವಕರನ್ನು ಕರೆದಾಗ ಅರ್ಜಿ ಹಾಕುವುದೇ ನೇರ ದಾರಿ. ಪರಿಚಯದವರ ಜೀಪಿನಲ್ಲಿ ಒಳಹೋಗುವುದು ದಾರಿಯಲ್ಲ.

ಪ್ರಶ್ನೆ: ಮಗ ಜನವರಿಯಲ್ಲಿ ಸಮೀಕ್ಷೆಗೆಂದು ಕಾಡಿನ ಶಿಬಿರಕ್ಕೆ ಹೋಗುವವನಿದ್ದಾನೆ. ನಮಗೆ ಹುಲಿಯ ಭಯಕ್ಕಿಂತ ಇಂಬಳ ಮತ್ತು ಮಂಗನ ಕಾಯಿಲೆಯ ಭಯ ಹೆಚ್ಚು. ಏನು ಎಚ್ಚರ ವಹಿಸಬೇಕು?
– ಗೃಹಿಣಿ, ಕೊಪ್ಪ

ಉತ್ತರ: ತಾಯಿಯಾಗಿ ನೀವು ಸರಿಯಾದ ಭಯವನ್ನೇ ಹಿಡಿದಿದ್ದೀರಿ. ಇಂಬಳ ಮಳೆಗಾಲದ ಉಪದ್ರವ; ಜನವರಿಯಲ್ಲಿ ಹಳ್ಳದ ಬದಿ, ಶೋಲಾ ಕಾಡಿನ ನೆರಳು ಬಿಟ್ಟರೆ ಕಡಿಮೆ. ಕಚ್ಚಿದರೆ ಸುಣ್ಣವೋ ಉಪ್ಪೋ ಹಚ್ಚಿದರೆ ಬಿಡುತ್ತದೆ, ತುಸು ಹೊತ್ತು ರಕ್ತ ಸೋರಿ ನಿಲ್ಲುತ್ತದೆ. ಅದರಿಂದ ಮಂಗನ ಕಾಯಿಲೆ ಬರುವುದಿಲ್ಲ.

ಮಂಗನ ಕಾಯಿಲೆಯನ್ನು ತರುವುದು ಉಣುಗು, ಅಂದರೆ ಮೈಗೆ ಅಂಟಿಕೊಂಡು ರಕ್ತ ಹೀರುವ ಉಣ್ಣೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಈ ರೋಗ ನಿಮ್ಮ ಕೊಪ್ಪ, ನರಸಿಂಹರಾಜಪುರ, ಶೃಂಗೇರಿ ಕಡೆಯವರಿಗೆ ಹೊಸತಲ್ಲ. ಉಣುಗಿನ ಮರಿಗಳು ಒಣ ತರಗೆಲೆಯಲ್ಲಿ ಹೆಚ್ಚಾಗುವುದು ಡಿಸೆಂಬರ್‌ನಿಂದ ಮೇವರೆಗೆ. ನಮ್ಮ ಸಮೀಕ್ಷೆಯ ಕಾಲವೂ ಅದೇ ಆಗಿರುವುದರಿಂದ ಎಚ್ಚರ ಇಮ್ಮಡಿಯಾಗಬೇಕು. ಆ ಮರಿಗಳು ಎಳ್ಳುಕಾಳಿಗಿಂತಲೂ ಚಿಕ್ಕವಾಗಿದ್ದು ಕಣ್ಣಿಗೆ ಬೀಳುವುದೇ ಕಷ್ಟ. ತುಂಬುತೋಳಿನ ಅಂಗಿ ಧರಿಸಿ, ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ, ಉಣುಗು ಹತ್ತದಂತೆ ಆರೋಗ್ಯ ಇಲಾಖೆಯವರು ಹಂಚುವ ಡೆಪಾ ಎಣ್ಣೆಯನ್ನು ತೆರೆದ ಚರ್ಮಕ್ಕೆ ಹಚ್ಚಿಕೊಂಡೇ ಹೊರಡಲಿ. ದಣಿದಾಗ ತರಗೆಲೆಯ ಮೇಲೆ ಕೂರದೆ ಬರಿ ಬಂಡೆಯ ಮೇಲೆ ಕೂರಲಿ. ಶಿಬಿರಕ್ಕೆ ಮರಳಿದೊಡನೆ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸಾಬೂನು ಹಚ್ಚಿ ಸ್ನಾನ ಮಾಡಿ, ಕಂಕುಳು, ತೊಡೆಸಂದು, ಕಿವಿಯ ಹಿಂಭಾಗವನ್ನು ನೋಡಿಕೊಳ್ಳಲಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಕೂಡಲೇ ಅರಣ್ಯ ಸಿಬ್ಬಂದಿಗೆ ತಿಳಿಸಬೇಕು. ಮನೆಗೆ ಬಂದ ಎರಡು ವಾರದೊಳಗೆ ಜ್ವರ, ತೀವ್ರ ತಲೆನೋವು, ಮೈಕೈ ನೋವು ಬಂದರೆ ತಾನೇ ಮಾತ್ರೆ ನುಂಗದೆ, ಕಾಡಿಗೆ ಹೋಗಿದ್ದ ಸಂಗತಿಯನ್ನು ವೈದ್ಯರಿಗೆ ಮೊದಲ ಮಾತಾಗಿ ಹೇಳಬೇಕು.

ಪ್ರಶ್ನೆ: ನಮ್ಮ ಕಾಫಿ ತೋಟದಲ್ಲಿ ವರ್ಷದ ಹೆಚ್ಚು ದಿನ ಆನೆಗಳಿರುತ್ತವೆ. ಕರ್ನಾಟಕದಲ್ಲಿ 2023ರಲ್ಲಿ 6,395 ಆನೆಗಳಿದ್ದವು, 2025ರ ವರದಿಯಲ್ಲಿ 6,013 ಎಂದಿದೆ. ಕಡಿಮೆಯಾಗಿವೆಯೇ? ಹಾಗಿದ್ದರೆ ನಮ್ಮ ಕಡೆ ಹೆಚ್ಚಿದಂತೆ ಕಾಣುವುದೇಕೆ?
– ಕಾಫಿ ಬೆಳೆಗಾರರು, ಸಕಲೇಶಪುರ

ಉತ್ತರ: ಈ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ಏರಿತು, ಇಳಿಯಿತು ಎನ್ನಲಾಗದು, ಏಕೆಂದರೆ ಅಳೆದ ಕೋಲುಗಳೇ ಬೇರೆ. 2023ರ ಮೇ 17ರಿಂದ 19ರವರೆಗಿನ ಗಣತಿಯಲ್ಲಿ ಮೊದಲ ದಿನ ಕಾಡಿನ ತುಂಡುಗಳನ್ನು ನಡೆದು ನೇರವಾಗಿ ಎಣಿಸಿದರು, ಎರಡನೆಯ ದಿನ ಲದ್ದಿಯ ಸಾಲುಗಳನ್ನು ನಡೆದರು, ಮೂರನೆಯ ದಿನ ನೀರಿನ ತಾಣಗಳ ಬಳಿ ಕಾದು ಗಂಡು, ಹೆಣ್ಣು, ಮರಿಗಳನ್ನು ವಿಂಗಡಿಸಿದರು. 2025ರಲ್ಲಿ ಪ್ರಕಟವಾದ ಅಂದಾಜು ಲದ್ದಿಯಿಂದ ತೆಗೆದ ಡಿಎನ್‌ಎಯ ಮೂಲಕ ಒಂದೊಂದು ಆನೆಯನ್ನೂ ಗುರುತಿಸಿ, ನಾನು ಮೇಲೆ ಹೇಳಿದ ಅವರೆಕಾಳಿನ ನ್ಯಾಯದಲ್ಲಿ ಲೆಕ್ಕ ಹಾಕಿದ್ದು. ಲದ್ದಿಯ ರಾಶಿಗಳನ್ನು ಎಣಿಸುವ ಹಳೆಯ ಕ್ರಮದಲ್ಲಿ ಆನೆ ದಿನಕ್ಕೆ ಎಷ್ಟು ಬಾರಿ ಲದ್ದಿ ಹಾಕುತ್ತದೆ (ಸುಮಾರು 16 ಬಾರಿ), ಆ ಲದ್ದಿ ಎಷ್ಟು ದಿನ ಉಳಿಯುತ್ತದೆ ಎಂಬ ಎರಡೂ ತಿಳಿದಿರಬೇಕು. ಸಗಣಿ ಹುಳುಗಳು ಬಲವಾಗಿರುವಲ್ಲಿ, ಮುಂಗಾರಿನ ಪೂರ್ವದ ಒಂದು ಜೋರು ಮಳೆ ಬಂದಲ್ಲಿ ಲದ್ದಿ ಬೇಗ ಕರಗಿ ಆನೆಗಳೂ ಲೆಕ್ಕದಿಂದ ಕರಗುತ್ತವೆ.

ನಿಮ್ಮ ಕಡೆ ಹೆಚ್ಚಿದಂತೆ ಕಾಣುವುದು ಬೇರೆ ಸಂಗತಿ. ಆಲೂರು, ಸಕಲೇಶಪುರ, ಬೇಲೂರು ಭಾಗದ ಆನೆಗಳಿಗೆ ತೋಟದ ನೆರಳು, ಕೆರೆ, ಹಲಸು, ಬಾಳೆ, ಗದ್ದೆಯ ಪೈರು ಒಂದೇ ಕಡೆ ಸಿಗುತ್ತವೆ. ತೋಟದಲ್ಲೇ ಹುಟ್ಟಿದ ಮರಿಗೆ ತೋಟವೇ ತವರು. ಕಾಫಿ ಕುಯ್ಲಿಗೆ ಆಳು ಬರಲು ಹೆದರುವಾಗ, ಬೆಳಗ್ಗೆ ಎದ್ದು ನೋಡಿದರೆ ಪೈಪು ಮುರಿದು ಬಿದ್ದಿರುವಾಗ ನಿಮಗಾಗುವ ಸಂಕಟವನ್ನು ನಾನು ಅಂಕಿಯಿಂದ ಸಮಾಧಾನ ಮಾಡಲಾರೆ. ಆದರೆ ನಿಮ್ಮಂಥವರ ದಾಖಲೆ ಸಮೀಕ್ಷೆಗೆ ದೊಡ್ಡ ಬಲ. ಮನೆಯ ಮಹಡಿಯಿಂದಲೋ ಸುರಕ್ಷಿತ ದೂರದಿಂದಲೋ ಕಂಡ ಆನೆಯ ಕಿವಿಯಂಚಿನ ಹರಕು, ದಂತದ ಓರೆ, ಬಾಲದ ತುದಿಯ ಕೂದಲು, ಬೆನ್ನಿನ ಆಕಾರ ಇವುಗಳನ್ನು ದಿನಾಂಕ ಮತ್ತು ಸಮಯದೊಂದಿಗೆ ಬರೆದಿಡಿ. ಹಿಂಡಿನಲ್ಲಿ ಎಷ್ಟು ಮರಿಗಳಿವೆ ಎಂಬುದನ್ನು ತಪ್ಪದೆ ಸೇರಿಸಿ, ಏಕೆಂದರೆ ಸಂಖ್ಯೆ ಬೆಳೆಯುತ್ತಿದೆಯೇ ಎಂಬುದಕ್ಕೆ ಮರಿಗಳೇ ಸಾಕ್ಷಿ. ಚಿತ್ರಕ್ಕಾಗಿ ಒಂಟಿ ಸಲಗದ ಹತ್ತಿರ ಹೋಗುವುದು ಮಾತ್ರ ಬೇಡವೇ ಬೇಡ.

ಪ್ರಶ್ನೆ: ನಮ್ಮ ಮನೆಯ ಹಿಂದಿನ ಹಳ್ಳದಲ್ಲಿ, ಮಳೆ ಕಡಿಮೆಯಾದ ಮೇಲೆ, ಹೆಬ್ಬೆರಳಿನ ಉಗುರಿಗಿಂತ ತುಸು ದೊಡ್ಡದಾದ ಕಪ್ಪೆಯೊಂದು ಬಂಡೆಯ ಮೇಲೆ ಕುಳಿತು ಹಿಂಗಾಲನ್ನು ಚಾಚಿ ಚಾಚಿ ಮಡಿಸುತ್ತದೆ. ಇದು ಯಾವುದು? ಯಾರಿಗಾದರೂ ತಿಳಿಸಬೇಕೇ?
– ಓದುಗರು, ಕೊಟ್ಟಿಗೆಹಾರ

ಉತ್ತರ: ಈ ಪತ್ರ ಓದಿ ನನಗೆ ಬಹಳ ಸಂತೋಷವಾಯಿತು. ನೀವು ನೋಡಿರುವುದು ಕುಣಿಯುವ ಕಪ್ಪೆಗಳ ಕುಲಕ್ಕೆ ಸೇರಿದ್ದು. ಆ ಕುಲದ ಒಂದು ಕಪ್ಪೆಗೆ ನಿಮ್ಮ ಊರಿನ ಹೆಸರೇ ಇದೆ: ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಾಧ್ಯಾಪಕರಾಗಿದ್ದ ಸಿ. ಆರ್. ನಾರಾಯಣರಾಯರು 1937ರಲ್ಲಿ ಅದನ್ನು ವಿವರಿಸಿ ‘ಕೊಟ್ಟಿಗೆಹಾರೆನ್ಸಿಸ್’ ಎಂದು ಕರೆದರು. ಹರಿಯುವ ನೀರಿನ ಸದ್ದಿನಲ್ಲಿ ಕೂಗು ಮುಳುಗಿಹೋಗುವುದರಿಂದ, ಗಂಡು ಕಪ್ಪೆ ಹಿಂಗಾಲನ್ನು ಚಾಚಿ ಬೆರಳುಗಳ ನಡುವಿನ ಬಿಳಿಚಿದ ಪೊರೆಯನ್ನು ಬಿಚ್ಚಿ ತೋರಿಸಿ ತನ್ನ ಜಾಗವನ್ನು ಸಾರುತ್ತದೆ. ಆದರೂ ನಿಮ್ಮದು ಅದೇ ಪ್ರಭೇದವೆಂದು ಪತ್ರದಿಂದ ಹೇಳುವುದು ತಪ್ಪಾಗುತ್ತದೆ. 2014ರಲ್ಲಿ ಪಶ್ಚಿಮಘಟ್ಟಗಳಿಂದ ಈ ಕುಲದ 14 ಹೊಸ ಪ್ರಭೇದಗಳನ್ನು ಒಮ್ಮೆಗೇ ವಿವರಿಸಿದ್ದಾರೆ, ಅವು ನೋಡಲು ಒಂದನ್ನೊಂದು ಹೋಲುತ್ತವೆ.

ಹಿಡಿಯಬೇಡಿ, ಬಾಟಲಿಗೆ ಹಾಕಬೇಡಿ, ಹಳ್ಳದೊಳಗೆ ಇಳಿಯಲೂ ಬೇಡಿ. ಈ ಕುಲದ ಹೆಣ್ಣು ಹಿಂಗಾಲಿನಿಂದ ಹಳ್ಳದ ತಳದ ಮರಳುಕಲ್ಲನ್ನು ತೋಡಿ ಮೊಟ್ಟೆಯಿಟ್ಟು ಮುಚ್ಚುವುದನ್ನು ನಮ್ಮ ಮಲೆನಾಡಿನಲ್ಲೇ ದಾಖಲಿಸಿದ್ದಾರೆ. ಒಂದು ತುಳಿತಕ್ಕೆ ಅದೆಲ್ಲ ಹೋಗಿಬಿಡಬಹುದು. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ವಾರಕ್ಕೊಮ್ಮೆ, ಅದೇ ಹೊತ್ತಿಗೆ, ದಡದ ಅದೇ ಬಂಡೆಯ ಮೇಲೆ ಹದಿನೈದು ನಿಮಿಷ ಕುಳಿತು, ಎಷ್ಟು ಕಪ್ಪೆಗಳು ಕಾಲು ಚಾಚಿದವು, ನೀರು ಎಷ್ಟಿತ್ತು, ಮೋಡವಿತ್ತೇ ಎಂದು ಒಂದು ನೋಟ್‌ಪುಸ್ತಕದಲ್ಲಿ ಬರೆಯುತ್ತಾ ಹೋಗಿ. ಒಂದೂ ಕಾಣದ ವಾರದಲ್ಲಿ ಸೊನ್ನೆ ಬರೆಯಿರಿ. ಹಂಗಾಮು ಮುಗಿದ ಮೇಲೆ ಆ ಪುಟಗಳ ಪ್ರತಿಯೊಂದನ್ನು ಈ ಅಂಕಣಕ್ಕೆ ಕಳುಹಿಸಿದರೆ, ಕಪ್ಪೆಗಳನ್ನು ಅಧ್ಯಯನ ಮಾಡುವವರ ಕೈಗೆ ಅದನ್ನು ತಲುಪಿಸುವ ಹೊಣೆ ನನ್ನದು.